ಪೀವೀಯ ಕಪ್ಪು ಸೂಟು

ಬೆಳಗಿನ ಐದು ಗಂಟೆ. ಡೆಟ್ರಾಯ್ಟ್ ನಗರದ ಈ ಬೀದಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಅಂಗಡಿಯಲ್ಲಿ. ಎಡಬಲದ ಅಂಗಡಿಗಳು 1967ರ ಜುಲೈ ಗಲಭೆಯಲ್ಲಿ ಸುಟ್ಟು ಎರಡು ವಾರವಾಗಿದೆ. ಒಳಗೆ ಈ ಲಾಂಡ್ರಿಯ ಒಡತಿ ಲುವೀನಿಯಾ ಟೇಟ್ ಒಂದು ಕಪ್ಪು ಸೂಟಿಗೆ ಮೂರನೇ ಸಲ ಇಸ್ತ್ರಿ ಹಾಕುತ್ತಿದ್ದಾರೆ. "ಹೊಗೆ ವಾಸನೆ ಹೋಗೋತನಕ ಬಿಡಲ್ಲ. ಇವತ್ತು ಇದನ್ನ ಹಾಕ್ಕೊಂಡು ಅವನು ಜಡ್ಜ್ ಮುಂದೆ ನಿಲ್ಬೇಕು."

ಅವನೆಂದರೆ ಪೀವೀ. ಪೀವೀ ಎಂದರೆ ಗಿಡ್ಡ, ಆಳು ಮಾತ್ರ ಆರಡಿ. ಕಾರು ಕಾರ್ಖಾನೆಯ ಕುಲುಮೆ ಕೆಲಸಗಾರ. ಕರ್ಫ್ಯೂ ಹೊತ್ತಿನಲ್ಲಿ ಮಗುವಿಗೆ ಹಾಲು ತರಲು ಹೋಗಿ ಸಿಕ್ಕಿಬಿದ್ದ. ಇಂದು ವಿಚಾರಣೆ ಎಂದು ಜೈಲಿನಿಂದ ಬಿಡುಗಡೆಯಾಗಿ ಬಂದ ಗಿರಾಕಿಯೊಬ್ಬ ಹೇಳಿದ್ದಾನೆ. "ಹರಕು ಬನಿಯನ್ನಲ್ಲಿ ಕರಿಯ ನಿಂತ್ರೆ ಕೇಸಿನ ಕಾಗದ ಯಾರು ಓದ್ತಾರೆ? ಮುಖ ನೋಡಿ ಒಳಗೆ ಹಾಕ್ತಾರೆ," ಎನ್ನುತ್ತಾರೆ ಲುವೀನಿಯಾ.

ತೊಡಕು ಬೇರೆಯೇ ಇದೆ. ಸೂಟಿನ ಚೀಟಿಯಲ್ಲಿರುವುದು 'ಪೀವೀ' ಎಂದಷ್ಟೇ, ನಿಜವಾದ ಹೆಸರು ಅವರಿಗೆ ಗೊತ್ತಿಲ್ಲ. ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಬಂದ ಲುವೀನಿಯಾ ಹತ್ತೊಂಬತ್ತು ವರ್ಷ ಬಿಳಿಯರ ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ ಬೆವರು ಸುರಿಸಿದವರು. ಗಿರಾಕಿಗಳು ನಿಲ್ಲುವ ಮುಂದಿನ ಕಟ್ಟೆಗೆ ಬರಲು ಅಪ್ಪಣೆಯಿರಲಿಲ್ಲ. "ಅಲ್ಲಿ ಬಿಳಿಯರ ಬಟ್ಟೆಗೆ ಹೆಸರು, ನಮ್ಮೋರದ್ದಕ್ಕೆ ಬರೀ ನಂಬರು. ನನ್ನಂಗಡೀಲಿ ಎಲ್ರಿಗೂ ಹೆಸರೇ ಬರೀತೀನಿ ಅಂತ ಹಟ ಹಿಡಿದೆ. ಬೀದೀಲಿ ಕರೆಯೋ ಹೆಸರೇ ಬರ್ದೆ. ಅದೀಗ ನನ್ನ ಕುತ್ತಿಗೆಗೇ ಬಂತು." ದಿನಕ್ಕೆ ಎಂಬತ್ತು ಶರ್ಟು ಬರುತ್ತಿದ್ದ ಅಂಗಡಿಗೆ ಈಗ ಹತ್ತೂ ಬರುವುದಿಲ್ಲ. ವಾರಸುದಾರರಿಲ್ಲದ ನಲವತ್ತೆರಡು ಬಟ್ಟೆಗಳು ಸಾಲಾಗಿ ತೂಗುತ್ತಿವೆ.

ನಿನ್ನೆ ಜೈಲಿನ ಕಿಟಕಿಯಲ್ಲಿ ಬಿಳಿಯ ಗುಮಾಸ್ತ ಪಟ್ಟಿ ತಿರುವಿ ಹಾಕಿ, "ಪೀವೀ ಅಂತ ಯಾವನೂ ಇಲ್ಲ, ನಡಿ ಆಚೆ," ಎಂದ.

"ಇದ್ದಾನೆ. ನಿಮ್ಮ ಪಟ್ಟೀನೇ ಸರಿಯಿಲ್ಲ," ಎಂದು ಹೇಳಿ ಬಂದರು ಈಕೆ.

ಒಂಬತ್ತಕ್ಕೆ ನ್ಯಾಯಾಲಯದ ಪಡಸಾಲೆ. ಬೇಡಿ ತೊಟ್ಟವರು ಹತ್ತು ಹತ್ತು ಜನರಾಗಿ ಹಾದುಹೋಗುತ್ತಾರೆ. "ಪೀವೀ," ಎಂದು ಲುವೀನಿಯಾ ಗಟ್ಟಿಯಾಗಿ ಕೂಗಿದರೆ ಮೂವರು ತಿರುಗುತ್ತಾರೆ. ಮೂವರಿಗೂ ಗಡ್ಡ, ಬಾಡಿದ ಮುಖ. ಲುವೀನಿಯಾ ಮುಖ ನೋಡುವುದಿಲ್ಲ, ಭುಜ ನೋಡುತ್ತಾರೆ. ಎಡಭುಜ ತುಸು ಇಳಿದಿರುವವನೇ ಪೀವೀ. ಆ ಕಡೆಗೆ ಸೂಟಿನೊಳಗೆ ಹತ್ತಿಯಿಟ್ಟು ಹೊಲಿದವರು ಇವರೇ ಅಲ್ಲವೇ.

"ಹೆಸರೇನೋ?" ಎಂದು ಕಾವಲಿನವನು ಅವನನ್ನು ಕೇಳುತ್ತಾನೆ.

"ಥಿಯೋಡಿಸ್ ಗ್ರಿಗ್ಸ್."

"ಅಯ್ಯೋ ಮಾರಾಯ, ಇಷ್ಟು ಚೆಂದದ ಹೆಸರಿಟ್ಕೊಂಡು ಹನ್ನೊಂದು ವರ್ಷದಿಂದ ಬಾಯೇ ಬಿಡ್ಲಿಲ್ವಲ್ಲೋ," ಎಂದು ಲುವೀನಿಯಾ ಬಯ್ಯುತ್ತಾರೆ. ಕಣ್ಣು ಮಾತ್ರ ತುಂಬಿದೆ. ಅಲ್ಲೇ ಇದ್ದ ವಕೀಲರೊಬ್ಬರು ಕಾವಲಿನವನಿಗೆ ಒಂದು ಮಾತು ಹೇಳಿದ ಮೇಲೆ ಸೂಟು ತೊಡಲು ಐದು ನಿಮಿಷ ಸಿಗುತ್ತದೆ.

ಅವನಿಗಿಂತ ಮುಂಚೆ ಆರು ಜನರನ್ನು ಜಡ್ಜ್ ತಲೆಯೆತ್ತದೆ ಮರಳಿ ಜೈಲಿಗೆ ಅಟ್ಟಿದ್ದಾರೆ. ಏಳನೆಯವನು ನಿಂತಾಗ ಕನ್ನಡಕ ಸರಿಪಡಿಸಿಕೊಂಡು ನೋಡುತ್ತಾರೆ. "ಮಿಸ್ಟರ್ ಗ್ರಿಗ್ಸ್, ಎಲ್ಲಿ ಕೆಲಸ ಮಾಡ್ತೀರಿ?" ಮಧ್ಯಾಹ್ನದ ಹೊತ್ತಿಗೆ ಥಿಯೋಡಿಸ್ ಬಿಡುಗಡೆಯಾಗಿ ಮಗುವಿನತ್ತ ಓಡುತ್ತಾನೆ.

ಮೆಟ್ಟಿಲಿಳಿಯುತ್ತಾ ಲುವೀನಿಯಾ ಊದಿದ ಕೈಗಳನ್ನು ತಿಕ್ಕಿಕೊಳ್ಳುತ್ತಾರೆ. "ಅವನ ಕಾರ್ಖಾನೆಯೋರೂ ಅವನನ್ನ ಹಾಗೆ ಕರೆದಿಲ್ಲ. ಆ 'ಮಿಸ್ಟರ್'ಗೆ ಇಸ್ತ್ರಿ ಹಾಕಿದ್ದು ನಾನು ಕಣಪ್ಪ."