ಅಪ್ಪ ಬಿಟ್ಟ ಗಾಂಧಾರ

ನಮ್ಮಪ್ಪನ ಹಾರ್ಮೋನಿಯಂನಲ್ಲಿ ಕೋಮಲ ಗಾಂಧಾರ ಮೂಕವಾಗಿತ್ತು. ನಡುಸಪ್ತಕದ ಆ ಒಂದು ಕಪ್ಪು ಪಟ್ಟಿಯನ್ನು ಒತ್ತಿದರೆ ಉಸ್ಸೆಂದು ಗಾಳಿ ಬರುತ್ತಿತ್ತೇ ಹೊರತು ಸ್ವರವಿಲ್ಲ. ಕಮಲಾಪುರದ ನಮ್ಮ ಓಣಿಯ ಭಜನಾ ಮೇಳಕ್ಕೆ ಇದ್ದದ್ದು ಅದೊಂದೇ ಪೆಟ್ಟಿಗೆ, ನುಡಿಸಲು ಬರುತ್ತಿದ್ದದ್ದು ಅಪ್ಪನೊಬ್ಬನಿಗೇ. ಹಗಲೆಲ್ಲ ಕೆಂಪು ಬಾಳೆಯ ತೋಟದಲ್ಲಿ ದುಡಿದು ಸೋಮವಾರ ಸಂಜೆ ಅದರ ಮುಂದೆ ಕೂರುತ್ತಿದ್ದ. ಭೀಮಪಲಾಸ್ ರಾಗದ ಪದ ಬಂದಾಗ ಅವನ ಬೆರಳು ಮಧ್ಯಮದಿಂದ ಆ ಮೂಕ ಪಟ್ಟಿಯನ್ನು ದಾಟಿ ನೇರ ರಿಷಭಕ್ಕೆ ಹಾರುತ್ತಿತ್ತು. ಬೆರಳು ಹಾರಿದಲ್ಲಿ ಇಡೀ ಮೇಳದ ಗಂಟಲೂ ಹಾರುತ್ತಿತ್ತು. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಓಣಿ ಹಾಗೆಯೇ ಹಾಡಿದೆ. ನನ್ನ ಕಿವಿ ತಯಾರಾದದ್ದು ಅಲ್ಲಿ.

ಮದುವೆಯಾಗಿ ಕಲಬುರಗಿಗೆ ಬಂದೆ, ಸೂಪರ್ ಮಾರ್ಕೆಟ್ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಮೂವತ್ತೈದು ದಾಟಿದ ಮೇಲೆ ಸೇಡಂ ರಸ್ತೆಯ ಸಂಗೀತ ತರಗತಿಗೆ ಹೋಗತೊಡಗಿದೆ. "ಈ ವಯಸ್ಸಿನ್ಯಾಗ?" ಎಂದವರಿಗೆ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವುದು ಬೇಡ. ಮೊದಲ ದಿನ ಗುರುಗಳು, ಬರುವುದೇನಾದರೂ ಹಾಡು ಎಂದರು. ಅಪ್ಪನ ಭೀಮಪಲಾಸ್ ಹಾಡಿದೆ.

"ಇದ್ಯಾವ ರಾಗ ತಂಗಿ? ಅರ್ಧಾ ಸಾರಂಗ, ಅರ್ಧಾ ಭೀಮಪಲಾಸ್. ಗಾಂಧಾರ ಎಲ್ಲಿ ಹೋತು?"

ಪೆಟ್ಟಿಗೆಯ ಕಥೆ ಹೇಳಿದೆ. ಅವರು ನಕ್ಕರು. ಅವರು ನಕ್ಕರೆಂದು ತರಗತಿಯೆಲ್ಲ ನಕ್ಕಿತು.

"ಕೆಟ್ಟ ಪೆಟ್ಟಿಗಿ ಕಲಿಸಿದ್ದು ಮೊದಲ ಮರೀಬೇಕು. ಆಮ್ಯಾಲ ನಾ ಕಲಿಸ್ತೀನಿ."

ಸಿಟ್ಟು ನೆತ್ತಿಗೇರಿತು. ಆದರೂ ಎದ್ದು ಬರಲಿಲ್ಲ, ಕಲಿಯುವ ಹಟ ಸಿಟ್ಟಿಗಿಂತ ದೊಡ್ಡದಿತ್ತು. ಒಳ್ಳೆಯ ಗುರುಗಳು, ಅದನ್ನು ಒಪ್ಪಲೇಬೇಕು. ಒಂದು ಗಾಂಧಾರಕ್ಕೇ ಎರಡು ತಿಂಗಳು ತೆಗೆದುಕೊಂಡರು. ಮಧ್ಯಮವನ್ನು ಸವರಿಕೊಂಡು ಇಳಿದಾಗ ಆ ಸ್ವರ ಸ್ವಲ್ಪ ತೂಗುತ್ತದೆ. ಅದು ನನಗೆ ಕೇಳಿಸಿದ ದಿನ ಕಣ್ಣಲ್ಲಿ ನೀರು ಬಂತು.

"ಹಚ್ಚೋ ಸ್ವರ ಅಷ್ಟ ರಾಗ ಅಲ್ಲ, ಬಿಡೋ ಸ್ವರಾನೂ ರಾಗಾನ," ಎಂದು ಅವರು ಹೇಳುತ್ತಿದ್ದರು. ಹಾಗಿದ್ದರೆ ಭೂಪ ರಾಗ ಮಧ್ಯಮ ನಿಷಾದ ಎರಡನ್ನೂ ಬಿಟ್ಟರೂ ಯಾರೂ ನಗುವುದಿಲ್ಲ, ನಮ್ಮ ಓಣಿಗೆ ಮಾತ್ರ ಯಾಕೆ ನಗುತ್ತೀರಿ ಎಂದು ಕೇಳಿಯೇಬಿಟ್ಟೆ.

"ಭೂಪದಾಗ ಅದು ಬಿಟ್ಟಿದ್ದು ತಂಗಿ. ನಿಮ್ಮಲ್ಲಿ ಇಲ್ಲದ್ದು," ಎಂದರು.

ಇದನ್ನೆಲ್ಲ ಊರಿಗೆ ಹೋದಾಗ ಅಪ್ಪನಿಗೆ ಹೇಳಿಬಿಟ್ಟೆ, ಅವರು ನಕ್ಕದ್ದನ್ನೂ ಸೇರಿಸಿ. ಬಾಯಿ ಬಿಗಿ ಹಿಡಿಯುವುದು ನನಗೆ ಎಂದೂ ಬಂದಿಲ್ಲ. ಮುಂದಿನ ಸಲ ಹೋದಾಗ ಅಪ್ಪ ಪೆಟ್ಟಿಗೆ ತೆರೆದು ಆ ಕಪ್ಪು ಪಟ್ಟಿ ಒತ್ತಿ ತೋರಿಸಿದ. ಗಾಂಧಾರ ಖಣ್ಣನೆ ನುಡಿಯಿತು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲಬುರಗಿಯ ಸ್ಟೇಶನ್ ಬಜಾರಿಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬಂದಿದ್ದ.

"ಅರ್ಧಾ ತಾಸಿನ ಕೆಲಸ, ಇಷ್ಟ ವರ್ಷ ಯಾಕ ತರಲಿಲ್ಲ ಅಂತ ಕೇಳ್ದ ರಿಪೇರಿ ಚಾಚಾ. ಓಣಿ ಮಂದಿಗೆಲ್ಲಾ ತಪ್ಪು ಕಲಿಸೀನಲ್ಲವ್ವಾ ನಾ."

ಆ ಸೋಮವಾರ ಮೇಳ ತಡವರಿಸುತ್ತ ಸರಿಯಾದ ಭೀಮಪಲಾಸ್ ಹಾಡಿತು. ಅಪ್ಪ ತಲೆ ಎತ್ತಿ ಯಾರನ್ನೂ ನೋಡಲಿಲ್ಲ. ಜೀವಮಾನದಲ್ಲಿ ಅವನು ತಲೆ ತಗ್ಗಿಸಿ ನುಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು, ಅದಕ್ಕೆ ಕಾರಣ ನಾನೇ. ಗಾಂಧಾರ ಹಾರಿಸುವ ಅವನ ಚಾಲು ತಪ್ಪಲ್ಲ ಎಂದು ನಗೆಯಾಡಿದವರ ಎದುರೇ ಹಾಡಿ ತೋರಿಸುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ.

ಗಿರಾಕಿಗಳು ಕೆದರಿದ ಸೀರೆಗಳನ್ನು ಮಡಚುತ್ತ, ಆಟೋದಲ್ಲಿ ಗುನುಗುತ್ತ ಒಂದು ಪದ ಕಟ್ಟತೊಡಗಿದೆ. ಮಾತುಗಳು ಕೆಂಪು ಬಾಳೆಗೊನೆಯ ಮೇಲೆ. ಅವು ಸುಲಭವಾಗಿ ಬಂದವು, ಸ್ವರಗಳು ಸತಾಯಿಸಿದವು. ಮೇಲೆ ಹತ್ತುವಾಗ ರಿಷಭ ಹಚ್ಚಿದರೆ ಎಲ್ಲ ಸಾರಂಗವಾಗಿಬಿಡುತ್ತಿತ್ತು. ಕೊನೆಗೆ ರಿಷಭವನ್ನು ಇಳಿಯುವ ದಾರಿಗೆ ಮಾತ್ರ ಇಟ್ಟುಕೊಂಡೆ. ಮಧ್ಯಮದ ಮೇಲೆ ಬೇಕಾದಷ್ಟು ಹೊತ್ತು ನಿಲ್ಲಬೇಕು, ಕೇಳುವವರು ಈಗ ಗಾಂಧಾರ ಬಂತು ಎಂದು ಕಾಯುವಾಗ ರಿಷಭಕ್ಕೆ ಹಾರಬೇಕು. ಅಪ್ಪನ ಚಾಲು ಹಾಗೆ ಕೈಗೆ ಸಿಕ್ಕಿತು.

ತರಗತಿಯ ವಾರ್ಷಿಕ ಕಾರ್ಯಕ್ರಮ ಬಂತು. "ಕಲಿಸಿದ್ದಷ್ಟ ಹಾಡು. ಸ್ವಂತದ್ದೆಲ್ಲ ಹತ್ತು ವರ್ಷ ಆದ ಮ್ಯಾಲ," ಎಂದರು ಗುರುಗಳು. ನಾನು ಹೂಂ ಎನ್ನಲಿಲ್ಲ. ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿ ಪೆಟ್ಟಿಗೆ ಸಮೇತ ಬಾ ಎಂದೆ.

"ಗಾಂಧಾರ ಹಚ್ಚಬೇಕೋ ಬ್ಯಾಡೋ?" ಎಂದ.

"ನೀ ಮೊದಲ ಹ್ಯಾಂಗ ನುಡಸ್ತಿದ್ದಿ, ಹಂಗ ನುಡಸು."

ವೇದಿಕೆಯ ಮೇಲೆ ಅವನು ನನ್ನ ಪಕ್ಕ ಪೆಟ್ಟಿಗೆ ತೆರೆದು ಕೂತ. ಗುರುಗಳು ಮೊದಲ ಸಾಲಿನಲ್ಲಿದ್ದರು, ನಾಲ್ಕು ಸ್ವರಕ್ಕೇ ಅವರ ಹುಬ್ಬು ಗಂಟಾಯಿತು. ನಾನು ಮಧ್ಯಮದ ಮೇಲೆ ನಿಂತೆ. ಪೆಟ್ಟಿಗೆ ಈಗ ಮೂಕವಲ್ಲ. ಅಪ್ಪ ಹೆದರಿ ಆ ಕಪ್ಪು ಪಟ್ಟಿ ಒತ್ತಿಬಿಟ್ಟರೆ ನನ್ನ ಪದ ಅಲ್ಲಿಗೇ ಮುಗಿಯಿತು. ಉಸಿರು ಇರುವಷ್ಟು ಹೊತ್ತೂ ನಿಂತೆ. ಅವನ ಬೆರಳು ಹಾರಿತು.

ಹಾಡು ಮುಗಿದ ಮೇಲೆ ಗುರುಗಳು ಎದ್ದು ಮೇಲೆ ಬಂದರು. ನನ್ನ ಕಡೆ ನೋಡಲೂ ಇಲ್ಲ. ಅಪ್ಪನ ಪೆಟ್ಟಿಗೆಯ ಮೇಲೆ ಬಾಗಿ, ತಿದಿ ಒತ್ತಿ, ಆ ಪಟ್ಟಿಯ ಮೇಲೆ ಬೆರಳಿಟ್ಟರು. ಗಾಂಧಾರ ಸಭೆಗೆಲ್ಲ ಕೇಳುವಂತೆ ನುಡಿಯಿತು.

"ನುಡೀತದಲ್ರೀ ಇದು!"

"ನುಡೀತದ್ರೀ," ಎಂದ ಅಪ್ಪ, ತಲೆ ಎತ್ತಿ ಅವರನ್ನೇ ನೋಡುತ್ತ. "ಈಗ ಬೇಕಂತನ ಬಿಟ್ಟೀವ್ರಿ."