ಅಪ್ಪ ಕಿಲ್ಟ್ ಉಟ್ಟು ಸಂಗಮಕ್ಕೆ ಹೋದದ್ದು

ಆ ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯ ನಮ್ಮ ಹೊಲಿಗೆ ಲೈನಿಗೆ ಬಂದ ಆರ್ಡರು ಚೌಕಳಿ ಬಟ್ಟೆಯದು. ಮುಂದೆ ಸಪಾಟು, ಹಿಂದೆಲ್ಲ ನೆರಿಗೆ, ಮೊಳಕಾಲಿನವರೆಗಷ್ಟೇ ಉದ್ದ. ಯಾವುದೋ ದೇಶದ ಸ್ಕೂಲು ಹುಡುಗಿಯರ ಲಂಗ ಇರಬೇಕು ಎಂದು ನಾವು ಹೆಂಗಸರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ಸೊಂಟದ ಅಳತೆ ನೋಡಿ ಪಕ್ಕದ ಮಿಷಿನ್ನಿನವಳು, "ಅಲ್ಲಿನ ಹುಡ್ಗೀರು ಒಳ್ಳೆ ರಾಗಿ ಕಣಜ ಇದ್ದಂಗೆ ಅವ್ರೆ ಕಣಕ್ಕ" ಅಂದಳು.

ಬಟ್ಟೆಗೆ ಕಟ್ಟುವ ರಟ್ಟಿನ ಚೀಟಿಗಳು ಬಂದ ಮೇಲೆ ನಿಜ ತಿಳಿಯಿತು. ಚೀಟಿಯಲ್ಲಿ ಒಂದು ಹಸಿರು ಗುಡ್ಡ, ಗುಡ್ಡದ ಮೇಲೆ ಕುರಿ, ಒಬ್ಬ ಗಂಡಸು, ಅವನ ಹೆಂಡತಿ, ಎರಡು ಮಕ್ಕಳು. ನಾವು ಹೊಲಿದದ್ದನ್ನು ಉಟ್ಟಿದ್ದವನು ಆ ಗಂಡಸು. ಮೊಳಕಾಲು ಬಿಟ್ಟುಕೊಂಡು ನಗುತ್ತಿದ್ದ. ಸೂಪರ್‌ವೈಸರ್ ಹೇಳಿದರು, ಇದು ಸ್ಕಾಟ್‌ಲ್ಯಾಂಡಿನವರ ಕಿಲ್ಟ್, ಅಲ್ಲಿ ಗಂಡಸರೇ ಉಡುವುದು, ಇವರು ರಜಕ್ಕೆ ಹಳ್ಳಿ ಕಡೆ ಬಂದಿರುವವರು ಅಂತ. ಎಲ್ಲರೂ ಆ ಗಂಡಸಿನ ಕಾಲು ನೋಡಿ ನಕ್ಕರು. ನಾನು ನೋಡಿದ್ದು ಹೆಂಡತಿಯನ್ನು. ಅವಳ ಮುಖದಲ್ಲಿ ನಿದ್ದೆಗೆಟ್ಟ ಗುರುತೇ ಇರಲಿಲ್ಲ.

ನಮ್ಮದು ಹೊಂಗನೂರು. ಅಮ್ಮ ಇರುವಷ್ಟು ದಿನ ಮನೆ ತುಂಬ ರೇಷ್ಮೆಹುಳ. ಅವಳು ಹೋದ ಮೇಲೆ, ಹೆದ್ದಾರಿಯ ಎರಡೂ ಮಗ್ಗುಲಿಗೆ ಫ್ಯಾಕ್ಟರಿಗಳು ಎದ್ದವು. ಊರೂರಿಗೂ ಕಂಪನಿ ಬಸ್ಸು ಬರತೊಡಗಿತು. ಸೊಪ್ಪು ಕುಯ್ಯುತ್ತಿದ್ದ ನಾವೆಲ್ಲ ಬುತ್ತಿ ಹಿಡಿದು ಅದನ್ನು ಹತ್ತಿದೆವು. ನಾನು ಒಬ್ಬಳೇ ಮಗಳಾದ್ದರಿಂದ ನನ್ನ ಗಂಡ ಮನೆ ಅಳಿಯನಾಗಿ ಬಂದಿದ್ದರು. ಅವರು, ನಾನು, ಅಪ್ಪ, ಇಷ್ಟೇ ಸಂಸಾರ.

ಅಪ್ಪನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದ. ತೊಂದರೆ ಇದ್ದದ್ದು ಪಂಚೆಯದು. ಪಂಚೆ ಉಡುವುದಕ್ಕೆ ಎರಡು ಕೈ ಬೇಕು ಅನ್ನುವುದು ಅಲ್ಲಿಯವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಬೆಳಿಗ್ಗೆ ನನ್ನ ಗಂಡ ಉಡಿಸಿ ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ಹಾಲಿನ ಡೈರಿ ಮುಂದೆ, ಊರವರೆಲ್ಲ ಸಾಲಾಗಿ ನಿಂತಿರುವಾಗ ಅದು ಸಡಿಲವಾಗಿ ಜಾರಿತು. ಯಾರೋ ಹಿಡಿದು ಕಟ್ಟಿದರು. ಯಾರೂ ನಗಲಿಲ್ಲವಂತೆ. ನಕ್ಕಿದ್ದರೆ ಅಪ್ಪ ಎರಡು ಮಾತು ಬೈದು ಮರೆಯುತ್ತಿದ್ದನೋ ಏನೋ. ಅವತ್ತಿನಿಂದ ಜಗಲಿ ಬಿಟ್ಟು ಇಳಿಯಲಿಲ್ಲ.

ಎಲಾಸ್ಟಿಕ್ಕಿನ ಚಡ್ಡಿ ತಂದುಕೊಟ್ಟೆ. "ನಾನೇನು ಇಸ್ಕೂಲಿಗೆ ಹೋಗ್ಬೇಕಾ?" ಅಂದ. ಪ್ಯಾಂಟಿಗೆ ಆ ಕಾಲು ತೂರುತ್ತಿರಲಿಲ್ಲ. ಪಂಚೆಗೆ ಬೆಲ್ಟು ಬಿಗಿದು ನೋಡಿದೆವು, ಬಟ್ಟೆ ಮೆಲ್ಲಗೆ ಕೆಳಗಿನಿಂದ ಜಾರಿ ಬೆಲ್ಟೊಂದೇ ಸೊಂಟದಲ್ಲಿ ಉಳಿಯುತ್ತಿತ್ತು.

ಹಬ್ಬದ ಮುಂಚೆ, ಪಾಸಾಗದ ಪೀಸುಗಳನ್ನು ಫ್ಯಾಕ್ಟರಿಯಲ್ಲಿ ನಮಗೇ ಹಂಚುವುದಿತ್ತು. ನನ್ನ ಪಾಲಿಗೆ ಒಂದು ಕಿಲ್ಟ್ ಬಂತು. ಹಿಂದಿನ ಒಂದು ನೆರಿಗೆಯಲ್ಲಿ ಚೌಕಳಿ ಕೂಡಿರಲಿಲ್ಲ, ಅಷ್ಟೇ ಅದರ ತಪ್ಪು. ಕತ್ತರಿಸಿ ಬ್ಯಾಗು ಹೊಲಿಯೋಣ ಎಂದು ಮನೆಗೆ ತಂದು ಮಿಷಿನ್ನಿನ ಮೇಲೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ಪರ್ ಪರ್ ಅಂತ ಸದ್ದು. ಸೊಂಟಪಟ್ಟಿಯ ತುದಿಯಲ್ಲಿ ಒತ್ತಿದರೆ ಕಚ್ಚಿಕೊಳ್ಳುವ, ಎಳೆದರೆ ಬಿಡುವ ಪಟ್ಟಿ ಇತ್ತಲ್ಲ, ಅಪ್ಪ ಅದನ್ನು ಒಂದೇ ಕೈಯಲ್ಲಿ ಹಚ್ಚುತ್ತ ಬಿಡಿಸುತ್ತ ಕೂತಿದ್ದ.

"ಇದು ಯಾರ್ದವ್ವ?"

"ಗಂಡಸ್ರದೇ ಕಣಪ್ಪ," ಎಂದು ಚೀಟಿ ತೋರಿಸಿದೆ.

ಅಪ್ಪ ಆ ಗಂಡಸನ್ನು ಬಹಳ ಹೊತ್ತು ನೋಡಿದ. "ಕುರಿ ಚೆನ್ನಾಗವೆ," ಅಂದ. ಆಮೇಲೆ ಕಂಬಕ್ಕೆ ಸೊಂಟ ಒತ್ತಿ ನಿಂತು, ಬಟ್ಟೆಯ ಒಂದು ತುದಿಯನ್ನು ಹಾಗೇ ಅದುಮಿ ಹಿಡಿದು, ಇನ್ನೊಂದು ತುದಿಯನ್ನು ಬಲಗೈಯಲ್ಲಿ ಸುತ್ತಿ ತಂದು ಒತ್ತಿದ. ನಿಂತಿತು. ಕುಲುಕಿ ನೋಡಿದ. ಆಗಲೂ ನಿಂತಿತು. ನನ್ನ ಕಡೆ ತಿರುಗಿ, "ಅಕ್ಕನ ಮನೇಗೆ ಹೋಗಿ ಬರಾನ" ಅಂದ.

ಅಪ್ಪನ ಅಕ್ಕ ಇದ್ದದ್ದು ದೊಡ್ಡಆಲಹಳ್ಳಿಯಲ್ಲಿ. ಆ ಆರ್ಡರಿನ ಸರಕು ಲಾರಿ ಹತ್ತಿದ ಮಾರನೆಯ ದಿನ ನಮಗೆ ರಜ ಸಿಕ್ಕಿತು. ಇಡೀ ದಿನ ಮಲಗಬೇಕೆಂದು ಎಣಿಸಿಕೊಂಡಿದ್ದ ರಜ ಅದು. ಆದರೂ ಎದ್ದು ಬುತ್ತಿ ಕಟ್ಟಿದೆ. ಬಸ್ಸಿನಲ್ಲಿ ಕಂಡಕ್ಟರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿ ಯಜಮಾನ್ರೇ ನಾಟಕ ಇವತ್ತು?" ಅಂದ.

"ನಾಟಕ ಆಮೇಲೆ ಕಣಪ್ಪ, ಮೊದ್ಲು ಟಿಕೆಟ್ ಹರಿ," ಅಂದ ಅಪ್ಪ. ಎಷ್ಟು ದಿನವಾಗಿತ್ತು ಆ ಬಾಯಿಂದ ಅಂಥ ಮಾತು ಬಂದು. ಸಾತನೂರಿನಲ್ಲಿ ಬಸ್ಸು ಬದಲಿಸುವ ತನಕ ನನ್ನ ಗಂಡನ ಭುಜಕ್ಕೆ ಒರಗಿ ನಿದ್ದೆ ಮಾಡಿದೆ.

ಅತ್ತೆ ಬಾಗಿಲಲ್ಲೇ ನಿಂತು ಸೆರಗು ಬಾಯಿಗೊತ್ತಿಕೊಂಡರು. "ಇದೇನ್ಲಾ ತಮ್ಮ, ಮೈ ನೆರೆದವಳ ಹಂಗೆ ಲಂಗ ಉಟ್ಕಂಡು ಬಂದಿದೀಯ?"

"ಆರತಿ ಎತ್ತಕ್ಕ ಹಂಗಾರೆ."

ನಕ್ಕು ನಕ್ಕು ಅತ್ತೆಯ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಒಸಿ ಅಳುವೂ ಇತ್ತು. ಊಟ ತನ್ನಿಷ್ಟ, ನೋಟ ಪರರಿಷ್ಟ ಅಂತಾರೆ, ನೀನು ಎರಡೂ ನಿಂದೇ ಮಾಡ್ಕಂಡ್ಯಲ್ಲ ಎಂದು ತಲೆ ಸವರಿದರು. ಅತ್ತೆಯ ಗಂಡ ಮನೆಯಲ್ಲಿ ಇರಲಿಲ್ಲ. ಪಂಚಾಯ್ತಿಗೆ ಹೋಗಿದ್ದರು, ನಾವು ಬುತ್ತಿ ಉಣ್ಣಲು ಹೋಗಬೇಕೆಂದಿದ್ದ ಹೊಳೆಯ ಹತ್ತಿರವೇ ನೇರ ಬರುವವರಿದ್ದರು. ನಾವೆಲ್ಲ ಬಾಡಿಗೆ ಆಟೋದಲ್ಲಿ, ಎರಡು ಹೊಳೆ ಕೂಡುವ ಸಂಗಮಕ್ಕೆ ಹೋದೆವು. ಅಪ್ಪ ಬಂಡೆಯ ಮೇಲೆ ಕೂತು ಕಾಲು ನೀರಿಗೆ ಇಳಿಬಿಟ್ಟ. ಬಟ್ಟೆ ನೆನೆಯುವ ಭಯವಿಲ್ಲ. ಒಂದು ಕ್ಷಣ ನನಗೆ ಆ ಚೀಟಿಯ ಚಿತ್ರವೇ ಕಂಡಂತಾಯಿತು. ಗುಡ್ಡ, ಗಂಡಸು, ಸಂಸಾರ. ಹೆಂಡತಿಯ ಜಾಗದಲ್ಲಿ ನಾನು ಮರದ ಬುಡದಲ್ಲಿ ಬಾಯಿ ತೆರೆದು ಮಲಗಿಬಿಟ್ಟೆ.

ಎಚ್ಚರವಾದಾಗ ಅತ್ತೆಯ ಗಂಡ ಮರಳಿನಲ್ಲಿ ನಡೆದು ಬರುತ್ತಿದ್ದರು. ಅಪ್ಪನ ಭಾವ. ಅಪ್ಪನ ಮದುವೆ ಮಾಡಿಸಿದವರು, ಜಗಳ ಬಿಡಿಸಿದವರು, ತಂದೆಯಿಲ್ಲದ ಅಪ್ಪನಿಗೆ ತಂದೆಯ ಜಾಗದಲ್ಲಿ ನಿಂತವರು. ಅವರ ಮುಂದೆ ಅಪ್ಪ ಯಾವತ್ತೂ ಪಂಚೆ ಎತ್ತಿಕಟ್ಟಿ ನಿಂತವನಲ್ಲ. ಗದ್ದೆಯ ಕೆಸರಿನಲ್ಲಿದ್ದರೂ, ದೂರದಲ್ಲಿ ಅವರು ಕಂಡರೆ ಕೈ ತಾನಾಗಿ ಸೊಂಟಕ್ಕೆ ಹೋಗಿ ಪಂಚೆ ಪಾದದವರೆಗೆ ಇಳಿಯುತ್ತಿತ್ತು. ನಮ್ಮ ಕಡೆ ಹಿರಿಯರಿಗೆ ಕೈಮುಗಿಯುವುದಕ್ಕಿಂತ ಮೊದಲು ಮಾಡುವ ಮರ್ಯಾದೆ ಅದು.

ಅಪ್ಪ ತಡವರಿಸಿ ಎದ್ದ. ಬಲಗೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಸಿಕ್ಕಿಸಿರಲಿಲ್ಲ. ಕೈ ಮೊಳಕಾಲಿಗೆ ಇಳಿಯಿತು, ನೆರಿಗೆಯ ಅಂಚು ಹಿಡಿದು ಜಗ್ಗಿತು. ಇನ್ನೊಮ್ಮೆ ಜಗ್ಗಿತು. ಇಳಿಬಿಡಲು ಬಟ್ಟೆಯೇ ಇರಲಿಲ್ಲ.

"ಕೂತ್ಕೊ, ಕೂತ್ಕೊ, ಇರ್ಲಿ," ಎಂದು ಅವರು ಹೊಳೆಯ ಕಡೆ ಮುಖ ತಿರುಗಿಸಿದರು.

ಆಮೇಲೆ ಅಪ್ಪ ಟವಲನ್ನು ಮೊಳಕಾಲಿನ ಮೇಲೆ ಹರಡಿಕೊಂಡು ಕೂತ. ಹಾಗೇ ಉಂಡ. ಬಸ್ಸಿನಲ್ಲಿಯೂ ಟವಲು ತೆಗೆಯಲಿಲ್ಲ. ಮನೆಗೆ ಬಂದು ಕಿಲ್ಟನ್ನು ಮೊಳೆಗೆ ನೇತುಹಾಕಿ, ಮತ್ತೆ ಸಡಿಲ ಪಂಚೆ ಹಿಡಿದುಕೊಂಡು ಜಗಲಿಗೆ ಸೇರಿದ.

ಒಂದು ಸಂಜೆ, "ಆ ಪಟ್ಟಿ ಒಳ್ಳೇದೇ ಕಣವ್ವ. ಬಟ್ಟೇನೇ ಗಿಡ್ಡ," ಅಂದ. ಅವನು ಏನು ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು. "ಭಾನ್ವಾರ ಮಾಡ್ಕೊಡ್ತೀನಿ ಕಣಪ್ಪ" ಅಂದೆ. ಆ ಭಾನುವಾರ ಓಟಿ ಎಂದು ಫ್ಯಾಕ್ಟರಿಗೆ ಕರೆದರು, ಮುಂದಿನದ್ದಕ್ಕೂ ಕರೆದರು. ಹಗಲೆಲ್ಲ ಮಿಷಿನ್ ತುಳಿದು ಬಂದವಳಿಗೆ ಮನೆಯ ಮಿಷಿನ್ನು ಕಂಡರೆ ಬೆನ್ನಿನೊಳಗೆ ಹುಳ ಹರಿದಂತಾಗುತ್ತಿತ್ತು. ಅಪ್ಪ ಮತ್ತೆ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ ಕೆಲಸದಿಂದ ಬಂದರೆ ಜಗಲಿಯ ತುಂಬ ದಾರದ ಚೂರು. ಅಪ್ಪ ಕಿಲ್ಟನ್ನು ಕಾಲಡಿಗೆ ಮೆಟ್ಟಿಕೊಂಡು, ಬಲಗೈಯಲ್ಲಿ ಬ್ಲೇಡು ಹಿಡಿದು, ನಾನೇ ಹಾಕಿದ್ದ ಹೊಲಿಗೆಗಳನ್ನು ಬಿಚ್ಚಿದ್ದ. ಎರಡು ಕಡೆ ಬಟ್ಟೆ ಹರಿದಿತ್ತು, ಹೆಬ್ಬೆರಳು ಕುಯ್ದಿತ್ತು. ಸೊಂಟಪಟ್ಟಿ ಬೇರೆಯಾಗಿ, ಒಗೆದ ಬಿಳಿ ಪಂಚೆಯ ಜೊತೆ ಮಿಷಿನ್ನಿನ ಮೇಲೆ ಕೂತಿತ್ತು.

"ನಿಂಗೆ ಬಿಚ್ಚೋ ಕೆಲ್ಸ ತಪ್ಲಿ ಅಂತ," ಅಂದ.

ಚಪ್ಪಲಿ ಬಿಟ್ಟವಳೇ ಮಿಷಿನ್ನಿಗೆ ಕೂತೆ. ಪಂಚೆಯ ಮೇಲಂಚನ್ನು ನೆರಿಗೆ ಹಿಡಿದು ಆ ಚೌಕಳಿ ಪಟ್ಟಿಗೆ ಕೂಡಿಸಿ ಹೊಲಿದೆ. ಹೊಲಿಗೆ ಎರಡು ಕಡೆ ಸೊಟ್ಟಗಾಯಿತು. ಫ್ಯಾಕ್ಟರಿಯಾಗಿದ್ದರೆ ಪಾಸಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಹತ್ತಿದ ಕಂಪನಿ ಬಸ್ಸು ಡೈರಿಯ ಮುಂದೆ ಹಾದು ಹೋಯಿತು. ಕಿಟಕಿಯಿಂದ ನೋಡಿದೆ. ಅಪ್ಪ ಕ್ಯಾನು ನೆಲಕ್ಕಿಟ್ಟು, ಗೋಡೆಗೆ ಭುಜ ಒತ್ತಿ, ಪಂಚೆಯ ಅಂಚನ್ನು ಒಳ್ಳೆಯ ಕಾಲಿನ ಹಿಮ್ಮಡಿಯಿಂದ ಮೇಲಕ್ಕೆ ಒದ್ದು, ಬಲಗೈಯಲ್ಲಿ ಹಿಡಿದು ಸಿಕ್ಕಿಸಿ, ಎತ್ತಿಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದ. ಅಷ್ಟರಲ್ಲಿ ಅವನಿಗಿಂತ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ಅಪ್ಪನ ಕೈ ಸೊಂಟಕ್ಕೆ ಹೋಯಿತು. ಪಂಚೆ ಪಾದದವರೆಗೆ ಇಳಿಯಿತು.

ಪಕ್ಕದಲ್ಲಿ ಕೂತವಳಿಗೆ ತೋರಿಸೋಣವೆಂದುಕೊಂಡೆ. ಅವಳಾಗಲೇ ನಿದ್ದೆ ಹೋಗಿದ್ದಳು. ನಾನೂ ಕಣ್ಣು ಮುಚ್ಚಿದೆ.