ಅಲ್ವೀನಾಳ ಕೆಂಪು ಲಾರಿಯ ಎಂಟು ಟ್ರಿಪ್ಪು

ಸೇಂಟ್ ಗರ್ಟ್ರೂಡ್ ಊರಿನ ಗೋಧಿ ಕಣಜದಲ್ಲಿ ಮೂವತ್ತೊಂದು ವರ್ಷ ತೂಕ ಹಾಕಿದವನು ನಾನು, ಲಿಯೋ ಬಿಲ್ಲಿಂಗರ್. ಪಶ್ಚಿಮ ಕ್ಯಾನ್ಸಸ್‌ನ ನಮ್ಮ ಈ ಮೂಲೆಯಲ್ಲಿ ಯಾರ ಲಾರಿ ಬರುತ್ತಿದೆ ಎಂದು ಕಣ್ಣು ಮುಚ್ಚಿಕೊಂಡು ಸದ್ದಿನಿಂದಲೇ ಹೇಳಬಲ್ಲೆ. ಹೀಗಿರುವಾಗ ಅಲ್ವೀನಾ ಡ್ರೈಲಿಂಗ್ ವಿಚಾರದಲ್ಲಿ ಯಾರಾದರೂ ನನ್ನೆದುರಿಗೇ ಬಾಯಿಗೆ ಬಂದ ಕಥೆ ಕಟ್ಟಿದರೆ ಪಿತ್ತ ನೆತ್ತಿಗೇರುತ್ತದೆ. ಮೊನ್ನೆ ಕಾಫಿ ಕುಡಿಯುವಾಗ ಒಬ್ಬ, ಆ ದಿನ ಅವಳು ಹದಿನೈದು ಟ್ರಿಪ್ ಹೊಡೆದಳು ಅಂದ. ಹದಿನೈದಲ್ಲ ಮಾರಾಯ, ಎಂಟು. ಎಂಟೇ ಧಾರಾಳವಾಯಿತು, ಅದಕ್ಕೆ ನಿನ್ನ ಒಗ್ಗರಣೆ ಬೇಡ.

ಅಲ್ವೀನಾ ಮತ್ತು ನಾನು ಒಂದೇ ಶಾಲೆಯಲ್ಲಿ ಓದಿದವರು. 1948ರಲ್ಲಿ ಅವಳಿಗೆ ಹದಿಮೂರು ವರ್ಷ. ಅವಳಪ್ಪ ಹೊಚ್ಚಹೊಸ ಇಂಟರ್‌ನ್ಯಾಷನಲ್ ಲಾರಿ ತಂದ. ಕೆ.ಬಿ.-5, ಕೆಂಪು ಬಣ್ಣ, ಮೂಗಿನ ಮೇಲೆ ಮೂರು ವಜ್ರದ ಗುರುತು, ಒಳಗೆ ಗ್ರೀನ್ ಡೈಮಂಡ್ ಎಂಜಿನ್. ಗಂಡುಮಕ್ಕಳಿಲ್ಲದ ಮನೆ. ಸುಗ್ಗಿಯಲ್ಲಿ ಅಪ್ಪ ಕಟಾವಿನ ಮಿಷಿನ್ ಮೇಲೆ, ಲಾರಿಯಲ್ಲಿ ಅಲ್ವೀನಾ. ಕಾಲು ಎಟುಕದೆ ಬೆನ್ನ ಹಿಂದೆ ಎರಡು ದಿಂಬು ಇಟ್ಟುಕೊಳ್ಳುತ್ತಿದ್ದಳು. ಆ ಲಾರಿಯಲ್ಲಿ ಗೇರು ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು, ಎಂಜಿನ್ನಿನ ಸದ್ದು ಕೇಳಿ ಸರಿಯಾದ ಗಳಿಗೆಗೆ ಕೋಲು ತಳ್ಳಬೇಕು. ಒಂದು ಚೂರು ತಪ್ಪಿದರೂ ಹಲ್ಲು ಕಡಿದಂತೆ ಕರಕರ ಎನ್ನುತ್ತದೆ. ಅವಳ ಕೈಯಲ್ಲಿ ಅದು ಹಾಗೆ ಅಂದದ್ದನ್ನು ನಾನು ಮೊದಲ ವರ್ಷ ಕೇಳಿದ್ದೇನೆ, ಆಮೇಲೆ ಇಲ್ಲ.

ನಮ್ಮೂರಿನಲ್ಲಿ ಮನುಷ್ಯನಿಗೆ ಎರಡು ಮತ. ಒಂದು ಚರ್ಚಿನದು, ಇನ್ನೊಂದು ಲಾರಿಯದು. ಚರ್ಚಿನಲ್ಲಿ ಎಲ್ಲರೂ ಕ್ಯಾಥೊಲಿಕ್ಕರೇ, ಜಗಳವಿಲ್ಲ. ಜಗಳವೆಲ್ಲ ಲಾರಿಯದು. ಫೋರ್ಡ್ ಮನೆಯವರು, ಷೆವರ್ಲೆ ಮನೆಯವರು, ಇಂಟರ್‌ನ್ಯಾಷನಲ್ ಮನೆಯವರು. ಫೋರ್ಡ್ ಪಂಗಡಕ್ಕೆ ಐಸಿಡೋರ್ ವರ್ತ್ ಹಿರಿತಲೆ. ತಲೆಯ ಮೇಲಿನ ನೀಲಿ ಫೋರ್ಡ್ ಟೋಪಿಯನ್ನು ಪೂಜೆಯ ಹೊತ್ತಿಗೆ ಮಾತ್ರ ತೆಗೆಯುತ್ತಿದ್ದ. ಅಲ್ವೀನಾಳನ್ನು ಕಂಡರೆ ಅವನ ನಾಲಿಗೆ ತುರಿಸುತ್ತಿತ್ತು.

"ಏನಮ್ಮಾ, ನಿಮ್ಮ ಕಂಪನಿ ಪಿಕಪ್ ಮಾಡೋದೇ ನಿಲ್ಸಿ ಇಪ್ಪತ್ತು ವರ್ಷ ಆಯ್ತು. ಇನ್ನೂ ಆ ಹಳೇ ಡಬ್ಬಾನ ಅಪ್ಪಿಕೊಂಡು ಕೂತಿದ್ದೀಯಲ್ಲ!"

"ನಿಮ್ಮೋರು ಕಾರು ಮಾಡೋಕೆ ಹೋಗಿ, ಆಮೇಲೆ ಲಾರಿ ಮಾಡಿದೋರು ಕಣೋ ಐಸಿಡೋರ್. ನಮ್ಮೋರು ಪೈರು ಕುಯ್ಯೋ ಯಂತ್ರ ಮಾಡ್ತಿದ್ದೋರು. 1907ರಲ್ಲೇ ರೈತನಿಗೆ ಅಂತ ಎತ್ತರದ ಗಾಲಿ ಗಾಡಿಗೆ ಎಂಜಿನ್ ಕೂರಿಸಿದ್ರು, ಕೆಸರು ರಸ್ತೇಲೂ ಹೋಗ್ಲಿ ಅಂತ. ಯಂತ್ರ ಮಾರೋ ಅಂಗಡೀಲೇ ಲಾರಿ, ಅಲ್ಲೇ ಬೋಲ್ಟು, ಅಲ್ಲೇ ರಿಪೇರಿ. ನಿನ್ನ ಫೋರ್ಡಿನವನಿಗೆ ಗೋಧಿ ಅಂದ್ರೆ ಬ್ರೆಡ್ ಅಂಗಡೀಲಿ ಸಿಗುತ್ತೆ ಅಂತ ಗೊತ್ತಷ್ಟೆ."

ಪಿಕಪ್ ನಿಂತದ್ದು 1975ರಲ್ಲಿ. ಅದಾದ ಹತ್ತು ವರ್ಷಕ್ಕೆ ಟ್ರ್ಯಾಕ್ಟರಿನ ಭಾಗವೂ ಬೇರೆಯವರ ಪಾಲಾಯಿತು, ಹೆಸರು ಉಳಿದದ್ದು ದೊಡ್ಡ ಲಾರಿಗಳ ಮೇಲೆ. ಆ ಸುದ್ದಿ ಬಂದ ದಿನ ಅಲ್ವೀನಾ ಸತ್ತವರ ಮನೆಯಿಂದ ಬಂದವಳ ಹಾಗೆ ಮುಖ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಅವಳ ಗಂಡ ಆಲ್ಫೋನ್ಸ್ ಕೂಡ ಹೋಗಿಬಿಟ್ಟಿದ್ದ. ಲಾರಿಗೆ ಬೇಕಾದ ಬಿಡಿಭಾಗಗಳನ್ನು ಸುತ್ತಲಿನ ಹೊಲಗಳ ಬೇಲಿಬದಿಯಲ್ಲಿ ತುಕ್ಕು ಹಿಡಿದು ನಿಂತ ಲಾರಿಗಳಿಂದ ತಾನೇ ಬಿಚ್ಚಿ ತರುತ್ತಿದ್ದಳು. ಹಳೆಯ ಲಾರಿ ಇಟ್ಟುಕೊಂಡವರ ಸಂಘದ ಪತ್ರಿಕೆ ಒಮ್ಮೆ ಮಾಲೀಕರ ಅಭಿಪ್ರಾಯ ಕೇಳಿ ಕಾಗದ ಕಳಿಸಿತ್ತು. ನನಗೆ ತೋರಿಸಿಯೇ ಅಂಚೆಗೆ ಹಾಕಿದಳು. ಮೆಚ್ಚಿದ ಅಂಶ ಎಂಬಲ್ಲಿ, "ಏರು ಹತ್ತುವಾಗ ನನಗಿಂತ ಮೊದಲೇ ಅದಕ್ಕೆ ಗೊತ್ತಾಗುತ್ತದೆ." ಮೆಚ್ಚದ ಅಂಶ ಎಂಬಲ್ಲಿ, "ಸೀಟು ಎಡಕ್ಕೆ ಕುಸಿದಿದೆ. ತಪ್ಪು ಲಾರಿಯದಲ್ಲ, ಭಾನುವಾರ ಅದನ್ನು ಓಡಿಸುತ್ತಿದ್ದ ನನ್ನ ದಪ್ಪ ಗಂಡನದು." ಮಾರುವ ಯೋಚನೆ ಇದೆಯೇ ಎಂಬಲ್ಲಿ ಏನೂ ಬರೆಯದೆ ಕಾಗದ ಹರಿಯುವ ಹಾಗೆ ಗೀಟು ಎಳೆದಿದ್ದಳು.

ಇನ್ನು 1995ರ ಮಾತು. ಅವಳಿಗೆ ಅರವತ್ತು. ಚಳಿಗಾಲದಲ್ಲಿ ಪಿತ್ತಕೋಶದ ಆಪರೇಷನ್ ಆಗಿತ್ತು. ಮಗ ಡೆಲ್ಮರ್ ಕೆಟ್ಟವನಲ್ಲ, ಅಮ್ಮನ ಬಗ್ಗೆ ಜೀವ ಬಿಡುವವನು. ಆದರೆ ಹೆದರಿದ್ದ. ಹದಿನೆಂಟು ಗಾಲಿಯ ದೊಡ್ಡ ಲಾರಿಯೊಂದನ್ನು ತಂದ, ಓಡಿಸಲು ಒಬ್ಬನನ್ನು ಗೊತ್ತು ಮಾಡಿದ, ಅಮ್ಮನಿಗೆ ಹೇಳಿಯೇಬಿಟ್ಟ.

"ಅಮ್ಮಾ, ಈ ಸುಗ್ಗಿಯಿಂದ ನೀನು ಲಾರಿ ಹತ್ತಬೇಡ. ಊಟ ತಂದ್ಕೊಡು, ಸಾಕು. ನಲವತ್ತೇಳು ವರ್ಷ ಓಡ್ಸಿದ್ದೀಯ."

"ನಲವತ್ತೆಂಟನೇದು ಓಡ್ಸೋಕೆ ನನಗೇನು ಧಾಡಿ?"

"ಆ ಸ್ಟೇರಿಂಗ್ ತಿರುಗ್ಸೋದ್ರಲ್ಲೇ ಹೊಲಿಗೆ ಬಿಚ್ಚಿಹೋಗುತ್ತೆ. ನೀನು ಬಿದ್ರೆ ನಾನೇನು ಮಾಡ್ಲಿ?"

ಅವಳು ಕಾರು ಹತ್ತಿ ಕಣಜದ ಕಡೆ ಹೊರಟಳು. ನನ್ನ ಬಳಿ ಬಂದು ಕಿಟಕಿಯಾಚೆ ನಿಂತು ಹೇಳಿದಳು: "ಲಿಯೋ, ಗಂಡ ಹೋದಾಗಲೂ ನಾನು ಮುದುಕಿ ಆಗಿರ್ಲಿಲ್ಲ. ಇವನು ಒಂದೇ ಮಾತಲ್ಲಿ ಮಾಡ್ಬಿಟ್ಟ." ಆದರೂ ಪ್ರತಿ ಶನಿವಾರ ಶೆಡ್ಡಿಗೆ ಹೋಗಿ ಲಾರಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಕೂತು ಬರುತ್ತಿದ್ದಳಂತೆ.

ಜೂನ್ ಕೊನೆಯ ವಾರ. ಹಿಂದಿನ ವಾರ ಜೋರು ಮಳೆ ಬಿದ್ದಿತ್ತು. ಹಳ್ಳದ ಪಕ್ಕದ ಡ್ರೈಲಿಂಗ್ ಹೊಲದಲ್ಲಿ ನಲವತ್ತು ಎಕರೆ ಇನ್ನೂ ನಿಂತೇ ಇತ್ತು. ಆ ವರ್ಷದ ಅವರ ಒಳ್ಳೇ ಗೋಧಿ ಅದೇ. ಸಂಜೆಗೆ ಆಲಿಕಲ್ಲು ಬೀಳಬಹುದು ಎಂದು ರೇಡಿಯೊ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರು ಮಾತ್ರ ಮಾಡುವ ಒಂದು ತಪ್ಪಿದೆ. ಬಿಸಿಲಿಗೆ ಮಣ್ಣಿನ ಮೇಲ್ಪದರ ಬಿರುಕು ಬಿಟ್ಟು ಬೆಳ್ಳಗಾಗಿರುತ್ತದೆ, ಒಣಗಿತು ಅಂದುಕೊಳ್ಳುತ್ತೇವೆ. ಕೆಳಗೆ ಅದು ಹಿಟ್ಟಿನ ಮುದ್ದೆ. ತುಂಬಿದ ಮಿಷಿನ್ ರಸ್ತೆಯವರೆಗೆ ಬಂದು ಹೋಗುವ ಹೊತ್ತು ಉಳಿಸಲು ಡೆಲ್ಮರ್ ದೊಡ್ಡ ಲಾರಿಯನ್ನು ಹೊಲದ ನಡುವಿಗೇ ಕರೆಸಿದ. ಮುಕ್ಕಾಲು ತುಂಬುವಷ್ಟರಲ್ಲಿ ಅದು ಅಚ್ಚಿನವರೆಗೆ ಹೂತುಹೋಯಿತು. ಡ್ರೈವರ್ ಎಂಜಿನ್ ಅರಚಿಸಿದಷ್ಟೂ ಇಳಿಯಿತು.

ಒಂದು ಗಂಟೆಗೆ ಅಲ್ವೀನಾ ಕಾರಿನಲ್ಲಿ ಊಟ ತಂದಳು, ಎಲೆಕೋಸು ಮಾಂಸ ತುಂಬಿ ಬೇಯಿಸಿದ ಬಿಯರಾಕ್ ಬನ್ನುಗಳು. ಹೂತ ಲಾರಿಯನ್ನು ನೋಡಿದಳು, ಪಡುವಣದ ಮೋಡವನ್ನು ನೋಡಿದಳು. ಬುಟ್ಟಿಯನ್ನು ಡ್ರೈವರ್ ಕೈಗೆ ಕೊಟ್ಟು ಕಾರು ತಿರುಗಿಸಿ ಹೋದಳು. ಅರ್ಧ ಗಂಟೆಯಲ್ಲಿ ಆ ಕೆಂಪು ಲಾರಿಯೊಂದಿಗೆ ಬಂದಳು. ಡೆಲ್ಮರ್ ಎದುರಿಗೆ ಕೈ ಅಡ್ಡ ಹಿಡಿದು ನಿಂತನಂತೆ, ಇದನ್ನು ಅವನೇ ನನಗೆ ಹೇಳಿದ್ದು.

"ಅಮ್ಮಾ, ಬೇಡ. ಗೋಧಿ ಹೋದ್ರೆ ಹೋಗ್ಲಿ."

"ಬಿತ್ತಿದೋನು ಆಡೋ ಮಾತಾ ಇದು? ನಡೀ, ಮಿಷಿನ್ ಹತ್ತು. ಆ ಅಂಚಿನ ಗಟ್ಟಿ ನೆಲದ ಮೇಲೆ ನಿಂತಿರ್ತೀನಿ, ನೀನೇ ನನ್ನ ಹತ್ರ ತಂದು ಸುರಿ. ಹೊಲದೊಳಕ್ಕೆ ನಾನು ಬರಲ್ಲ, ನನಗೇನು ತಲೆ ಕೆಟ್ಟಿಲ್ಲ."

ಮಿಷಿನ್ನಿನ ಹೊಟ್ಟೆ ಒಮ್ಮೆ ತುಂಬಿದರೆ ಅವಳಿಗೆ ಒಂದು ಲೋಡು. ಹಳ್ಳದಿಂದ ರಸ್ತೆಗೆ ಹತ್ತುವ ಏರು ಕಡಿದಾದದ್ದು. ನಡುವೆ ಗೇರು ಇಳಿಸಲೇಬೇಕು, ತಪ್ಪಿದರೆ ತುಂಬಿದ ಲಾರಿ ಹಿಂದಕ್ಕೆ ಉರುಳಿ ಹಳ್ಳ ಸೇರುತ್ತದೆ. ಮೊದಲ ಸಲ ಡೆಲ್ಮರ್ ಮಿಷಿನ್ ನಿಲ್ಲಿಸಿ ಉಸಿರು ಬಿಗಿಹಿಡಿದು ನೋಡಿದನಂತೆ. ಎಂಜಿನ್ ದನಿ ಕುಗ್ಗಿತು, ಒಂದು ಗಳಿಗೆ ಸುಮ್ಮನಾಯಿತು, ಮತ್ತೆ ಗಡಸಾಗಿ ಎದ್ದಿತು. ಲಾರಿ ಏರು ಹತ್ತಿ ಧೂಳೆಬ್ಬಿಸಿಕೊಂಡು ಹೋಯಿತು.

ಇತ್ತ ಕಣಜದ ಮುಂದೆ ಹದಿನಾರು ಲಾರಿಗಳ ಸಾಲು. ಸಾಲು ಅಂದರೆ ನಮ್ಮಲ್ಲಿ ಪವಿತ್ರ, ಪಾದ್ರಿಗಳು ಗೋಧಿ ತಂದರೂ ಹಿಂದೆಯೇ ನಿಲ್ಲಬೇಕು. ಅಲ್ವೀನಾಳೂ ನಿಂತಳು. ಮೊದಲೆರಡು ಟ್ರಿಪ್ಪಿಗೇ ಸಮಯ ಕರಗಿತು. ಮೂರನೆಯ ಸಲ ಬಂದು ಐಸಿಡೋರನ ಬೆನ್ನಿಗೆ ನಿಂತಾಗ ಅವನು ಇಳಿದು ಹೋಗಿ ಅವಳ ಬಾಗಿಲು ತಟ್ಟಿದ್ದನ್ನು ಕಿಟಕಿಯಿಂದ ಕಂಡೆ. ಆಡಿದ ಮಾತು ಆಮೇಲೆ ಅವನೇ ಹೇಳಿದ್ದು.

"ಯಾಕೇ, ಒಬ್ಬಳೇ ಸುತ್ತುತಾ ಇದ್ದೀಯ? ನಿನ್ನ ಮಗನ ರೈಲುಗಾಡಿ ಎಲ್ಲಿ?"

"ಹಳ್ಳದ ಹೊಲದಲ್ಲಿ ನೆಟ್ಟಿದ್ದಾನೆ. ಮೊಳಕೆ ಬರುತ್ತೇನೋ ನೋಡ್ಬೇಕು."

ಐಸಿಡೋರ್ ಪಡುವಣಕ್ಕೆ ನೋಡಿದ. ಮೋಡ ಕಪ್ಪಿನಿಂದ ಹಸಿರಿಗೆ ತಿರುಗುತ್ತಿತ್ತು, ನಮ್ಮಲ್ಲಿ ಅದು ಆಲಿಕಲ್ಲಿನ ಗುರುತು. "ನಿನ್ನ ಲಾರಿಯ ಮುಖ ನನ್ನ ಕನ್ನಡೀಲಿ ಕಂಡ್ರೆ ನನಗೆ ವಾಕರಿಕೆ ಬರುತ್ತೆ. ಮುಂದೆ ಹೋಗ್ತೀಯೋ ಇಲ್ವೋ?" ಎಂದವನೇ ತನ್ನ ಫೋರ್ಡನ್ನು ಹುಲ್ಲಿನ ಮೇಲಕ್ಕೆ ಎಳೆದ. ಆಮೇಲೆ ಸಾಲಿನುದ್ದಕ್ಕೂ ನಡೆದು ಒಂದೊಂದೇ ಲಾರಿಯ ಬಾಗಿಲು ಗುದ್ದಿದ. ಯಾರೂ ತಕರಾರು ಎತ್ತಲಿಲ್ಲ. ಷೆವರ್ಲೆಗಳು, ಫೋರ್ಡುಗಳು, ಡಾಡ್ಜುಗಳು ಒಂದರ ಹಿಂದೆ ಒಂದು ಪಕ್ಕಕ್ಕೆ ಸರಿದವು. ಅವರ ಮನೆಯ ಗೋಧಿಯೂ ಹೊಲದಲ್ಲಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿಂದ ಮುಂದೆ ಅವಳು ಬಂದಾಗಲೆಲ್ಲ ಹಾದಿ ಖಾಲಿ. ತೂಕ, ಗುಂಡಿಗೆ ಸುರಿ, ಮತ್ತೆ ತೂಕ, ಹೊರಡು. ಮಾತಾಡಲೂ ಪುರಸೊತ್ತಿಲ್ಲ. ಐದನೆಯ ಟ್ರಿಪ್ಪಿಗೆ ನೀರಿನ ಬಾಟಲಿ ಚಾಚಿದೆ. ಕುಡಿದು, ಬಾಯಿ ಒರೆಸಿಕೊಂಡು, "ಎಷ್ಟು ಚೆನ್ನಾಗಿ ಓಡ್ತಿದೆ ನೋಡೋ" ಎಂದಳು. ತನ್ನ ಬಗ್ಗೆ ಒಂದು ಮಾತಿಲ್ಲ. ನನ್ನ ಕಣ್ಣು ತುಂಬಿತು, ಮುಚ್ಚಿಡುವುದೇನು.

ಎಂಟನೆಯ ಸಲ ಬಂದಾಗ ಏಳು ಗಂಟೆ. ಪಕ್ಕದ ಸೀಟಿನಲ್ಲಿ ಡೆಲ್ಮರ್ ಕೂತಿದ್ದ, ಹೊಲ ಬೋಳಾಗಿತ್ತು. ಲಾರಿಯ ಹಿಂಗಾಲಿ ನಮ್ಮ ತಗಡಿನ ಶೆಡ್ಡಿನೊಳಕ್ಕೆ ಬಂತೋ ಇಲ್ಲವೋ, ಮೊದಲ ಆಲಿಕಲ್ಲು ಛಾವಣಿಗೆ ಬಡಿಯಿತು. ಆಮೇಲೆ ಕಿವಿಯೇ ಕೇಳಿಸದ ಹಾಗೆ ಸುರಿಯಿತು. ಸಾಲಿನಲ್ಲಿದ್ದವರೆಲ್ಲ ತಲೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಓಡಿಬಂದರು. ಹತ್ತು ನಿಮಿಷಕ್ಕೆ ನಿಂತಾಗ ಅಂಗಳವೆಲ್ಲ ಬೆಳ್ಳಗಿತ್ತು. ಯಾರೋ ಚಪ್ಪಾಳೆ ಹೊಡೆದರು, ಶೆಡ್ಡೆಲ್ಲ ಹೊಡೆಯಿತು. ಐಸಿಡೋರ್ ಬಾನೆಟ್ ಎತ್ತಿ ಒಳಗೆ ಇಣುಕಿದ.

"ರೇಡಿಯೇಟರ್ ಎಷ್ಟು ನೀರು ಕುಡೀತು?"

"ಒಂದು ಹನೀನೂ ಇಲ್ಲ."

"ಥೂ, ಇದು ಲಾರಿ ಅಲ್ಲ, ದೆವ್ವ!" ಎಂದು ನೀಲಿ ಟೋಪಿ ತೆಗೆದು ಎದೆಗೆ ಒತ್ತಿ ನಿಂತ. ಅಲ್ವೀನಾ ಗಹಗಹಿಸಿ ನಕ್ಕಳು.

ಡೆಲ್ಮರ್ ಇಳಿದು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದ. ಅವಳು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಇಳಿಸಲು ಬಂದನೆಂದೇ ಅಂದುಕೊಂಡಿದ್ದಳು, ನಾನೂ ಹಾಗೆಯೇ ಅಂದುಕೊಂಡಿದ್ದೆ. ಅವನು ಎಲ್ಲರೆದುರು ಅವಳ ಮೊಣಕಾಲ ಮೇಲೆ ಹಣೆ ಇಟ್ಟ.

"ಅಮ್ಮಾ, ನಿನ್ನ ಮನೇಲಿ ಕೂರ್ಸೋಕೆ ಹೊರಟಿದ್ನಲ್ಲ, ನಾನು ಮೂರ್ಖ. ನೆಲ ಒಣಗಿದ್ರೆ ನಾಡಿದ್ದು ಮೇಲಿನ ಹೊಲದಲ್ಲಿ ಆಲಿಕಲ್ಲು ಬಿಟ್ಟಿದ್ದನ್ನ ಕುಯ್ಬೇಕು. ನೀನು ಲಾರಿ ತಂದ್ರೆ ಮಾತ್ರ ಮಿಷಿನ್ ಸ್ಟಾರ್ಟ್ ಮಾಡ್ತೀನಿ."

ಅವಳು ಅವನ ತಲೆಯಲ್ಲಿ ಸಿಕ್ಕಿಕೊಂಡ ಹೊಟ್ಟು ಒಂದೊಂದಾಗಿ ಆರಿಸಿದಳು.

"ಹತ್ತಕ್ಕೆ ಬಂದಿರ್ತೀನಿ," ಎಂದಳು, "ನೀನು ತಡ ಮಾಡ್ಬೇಡ."